ಎಲ್‌ಇಡಿ ಮಂಕಾದರೆ ಎಲ್ಲಿ ಹುಡುಕಬೇಕು?

ನಮ್ಮ ದ್ವಿತೀಯ ಪಿಯುಸಿಯ ಮೂವರು ವಿದ್ಯಾರ್ಥಿಗಳು ವಿಜ್ಞಾನ ಪ್ರದರ್ಶನಕ್ಕೆಂದು ಧ್ವನಿಯ ಮಟ್ಟ ತೋರಿಸುವ ಮೀಟರ್ ಮಾಡಿದ್ದಾರೆ. ಹಾಡು ಜೋರಾದಂತೆ ಹತ್ತು ಎಲ್‌ಇಡಿಗಳು ಸಾಲಾಗಿ ಬೆಳಗಬೇಕು. ಬೆಳಗುತ್ತವೆ, ಆದರೆ ಹಗಲಿನಲ್ಲಿ ಕಾಣದಷ್ಟು ಮಂಕು. "ಸರ್, ರೆಸಿಸ್ಟರ್ ಕಡಿಮೆ ಮಾಡಿಬಿಡೋಣವೇ?" ಎಂದು ಕೇಳಿದರು. ತಡೆಯಿರಿ, ಐಸಿ ಸುಟ್ಟೀತು ಎಂದೆ.

ಈ ಮೀಟರಿನ ಜೀವ ಎಲ್‌ಎಂ 3915 ಎಂಬ ಐಸಿ. ಒಂದು ಎಲ್‌ಇಡಿಯಿಂದ ಮುಂದಿನದಕ್ಕೆ 3 ಡೆಸಿಬಲ್ ಅಂತರ. ಇಲ್ಲಿ ಪ್ರತಿ ಎಲ್‌ಇಡಿಗೂ ಬೇರೆ ಬೇರೆ ರೆಸಿಸ್ಟರ್ ಬೇಕಿಲ್ಲ. 7ನೇ ಪಿನ್ನಿನಿಂದ ಹೊರಹರಿಯುವ ಕರೆಂಟಿನ ಸುಮಾರು ಹತ್ತು ಪಟ್ಟನ್ನು ಐಸಿಯೇ ಪ್ರತಿ ಎಲ್‌ಇಡಿಗೆ ಬಿಡುತ್ತದೆ. 7 ಮತ್ತು 8ನೇ ಪಿನ್ನುಗಳ ನಡುವೆ ಸುಮಾರು 1.25 ವೋಲ್ಟ್ ಇರುತ್ತದೆ. ಅಲ್ಲಿ 1.2 ಕಿಲೋ ಓಮ್ ಹಾಕಿದರೆ ಎಲ್‌ಇಡಿಗೆ ಸುಮಾರು 10 ಮಿಲಿಆಂಪಿಯರ್. 12 ಕಿಲೋ ಓಮ್ ಹಾಕಿದರೆ ಬರೇ ಒಂದೆರಡು. ಕಂದು-ಕೆಂಪು-ಕೆಂಪು, ಕಂದು-ಕೆಂಪು-ಕಿತ್ತಳೆ: ನಮ್ಮ ಲ್ಯಾಬಿನ ಟ್ಯೂಬ್‌ಲೈಟ್ ಕೆಳಗೆ ಎರಡೂ ಒಂದೇ ಥರ ಕಾಣುತ್ತವೆ! ಕಣ್ಣನ್ನು ನಂಬದೆ, ರೆಸಿಸ್ಟರ್ ಹೊರತೆಗೆದು ಮಲ್ಟಿಮೀಟರಿನಲ್ಲಿ ಅಳೆಯಿರಿ.

ಇವರ ರೆಸಿಸ್ಟರ್ ಸರಿಯಾಗಿಯೇ ಇತ್ತು. ಆಗ ಹಾಡು ತೆಗೆದು, 5ನೇ ಪಿನ್ನಿಗೆ ಹೊಸ ಪೆನ್ಸಿಲ್ ಸೆಲ್ಲಿನ 1.5 ವೋಲ್ಟ್ ಕೊಡಿಸಿದೆ. ಹತ್ತೂ ಎಲ್‌ಇಡಿಗಳು ಪ್ರಖರವಾಗಿ ಉರಿದವು. ಡಿಸಿಯಲ್ಲೂ ಮಂಕಾಗಿದ್ದರೆ ರೆಸಿಸ್ಟರನ್ನೋ ಸಪ್ಲೈಯನ್ನೋ ಸಂಶಯಿಸಬೇಕಿತ್ತು. ಡಿಸಿಯಲ್ಲಿ ಚೆನ್ನಾಗಿದ್ದು ಹಾಡಿಗೆ ಮಾತ್ರ ಮಂಕಾದರೆ ತೊಂದರೆ ಸಿಗ್ನಲ್ಲಿನ ಕಡೆಗಿದೆ.

ಏಕೆಂದರೆ ಹಾಡಿನ ಸಿಗ್ನಲ್ ಎಸಿ. ಐಸಿ ಆಯಾ ಕ್ಷಣದ ವೋಲ್ಟೇಜನ್ನಷ್ಟೇ ನೋಡುತ್ತದೆ. ಋಣ ಅರ್ಧಚಕ್ರದಲ್ಲಿ ಎಲ್ಲವೂ ಆರಿರುತ್ತವೆ. ಧನ ಅರ್ಧದಲ್ಲೂ ಮೇಲಿನ ಎಲ್‌ಇಡಿಗಳು ಅಲೆಯ ತುದಿಯಲ್ಲಿ ಮಾತ್ರ ಮಿನುಗುತ್ತವೆ. ಸೆಕೆಂಡಿಗೆ ನೂರಾರು ಸಲ ಹೀಗಾದಾಗ ಕಣ್ಣಿಗೆ ಸಿಗುವುದು ಸರಾಸರಿ ಬೆಳಕು, ಅಂದರೆ ಮಂಕು. ಪರಿಹಾರ ನೀವು ಓದಿದ್ದೇ: ರೆಕ್ಟಿಫೈಯರ್, ಅದರ ಹಿಂದೆ ಕೆಪಾಸಿಟರ್. ತುದಿಯ ವೋಲ್ಟೇಜನ್ನು ಕೆಪಾಸಿಟರ್ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೆ ಸಮಾಂತರವಾಗಿ ಒಂದು ರೆಸಿಸ್ಟರ್ ಇರಲಿ, ಇಲ್ಲದಿದ್ದರೆ ಹಾಡು ನಿಂತರೂ ದೀಪಗಳು ಬೇಗ ಇಳಿಯುವುದಿಲ್ಲ.

ಆದರೆ ಬರೀ ಸಿಲಿಕಾನ್ ಡಯೋಡ್ ಹಾಕಿದರೆ ಸುಮಾರು 0.6 ವೋಲ್ಟ್ ಅದೇ ನುಂಗುತ್ತದೆ. ಪೂರ್ಣಮಟ್ಟ 1.25 ವೋಲ್ಟ್ ಇಟ್ಟಾಗ ಮೊದಲ ಎಲ್‌ಇಡಿ ಬೆಳಗಬೇಕಾದದ್ದು ಸುಮಾರು 56 ಮಿಲಿವೋಲ್ಟಿಗೆ! ಮೆಲುದನಿ ಪೂರ್ತಿ ಕಾಣೆಯಾಗುತ್ತದೆ. ಅದಕ್ಕೆ ಡಯೋಡಿಗೆ ಮೊದಲು ಪಿಎನ್‌ಪಿ ಟ್ರಾನ್ಸಿಸ್ಟರಿನ ಎಮಿಟರ್ ಫಾಲೋವರ್ ಇಡುತ್ತಾರೆ. ಅದರ ಬೇಸ್-ಎಮಿಟರ್ ಸಂಧಿ 0.6 ವೋಲ್ಟ್ ಏರಿಸುತ್ತದೆ, ಡಯೋಡ್ ಅಷ್ಟನ್ನೇ ಇಳಿಸುತ್ತದೆ. ನನಗೆ ಬಹಳ ಇಷ್ಟವಾದ ಉಪಾಯವಿದು.

ಇನ್ನು ರೆಸಿಸ್ಟರ್ ಕಡಿಮೆ ಮಾಡುವ ಮಾತು. ಸಪ್ಲೈ 12 ವೋಲ್ಟ್, ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್. ಉಳಿದ 10 ವೋಲ್ಟ್ ಐಸಿಯ ಮೇಲೆ. ಹತ್ತೂ ಉರಿದಾಗ 100 ಮಿಲಿಆಂಪಿಯರ್, ಅಂದರೆ ಆಗಲೇ 1 ವ್ಯಾಟ್ ಶಾಖ. ಈ ಐಸಿಯ ಮಿತಿ ಸುಮಾರು 1.3 ವ್ಯಾಟ್. ಕರೆಂಟ್ ಇಮ್ಮಡಿಸಿದರೆ 2 ವ್ಯಾಟ್! ಹೆಚ್ಚು ಬೆಳಕು ಬೇಕೇ ಬೇಕೆಂದರೆ ಎಲ್‌ಇಡಿಗಳ ಆನೋಡಿಗೆ ಪ್ರತ್ಯೇಕ 5 ವೋಲ್ಟ್ ಕೊಟ್ಟು ಗ್ರೌಂಡ್ ಒಂದೇ ಮಾಡಿ. ಆಗ 20 ಮಿಲಿಆಂಪಿಯರಿನಲ್ಲೂ ಐಸಿಗೆ 0.6 ವ್ಯಾಟ್ ಮಾತ್ರ. ಎಲ್‌ಇಡಿ ತಂತಿಗಳು ಉದ್ದವಾಗಿದ್ದರೆ ಐಸಿಯ ಹತ್ತಿರವೇ ಆ ಸಪ್ಲೈಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕುವುದನ್ನು ಮರೆಯಬೇಡಿ.