ಟ್ವೀಡ್ ಕೋಟಿಗೆ ಜೊತೆ ಹುಡುಕುವಾಗ

ಎಡಿನ್‌ಬರೋದ ಹಳೆ ಉಡುಪಿನ ಅಂಗಡಿಯೊಂದರಲ್ಲಿ ಕೋಟು ಮಾರುವುದು ನನ್ನ ಕಸುಬು. ಸ್ಕಾಟ್ಲೆಂಡಿನಲ್ಲಿ ಟ್ವೀಡ್ ಎಂಬ ಒರಟು ಉಣ್ಣೆ ಬಟ್ಟೆಗೆ ಬರವಿಲ್ಲ. ಯಾರದೋ ತಾತನ ಬೀರು ಖಾಲಿಯಾದಾಗಲೆಲ್ಲ ನಾಲ್ಕಾರು ಕೋಟು ಬರುತ್ತವೆ. ಗಿರಾಕಿ ಅದರಲ್ಲೊಂದನ್ನು ತಾನೇ ಇಷ್ಟಪಟ್ಟು ಎತ್ತಿಕೊಳ್ಳುತ್ತಾನೆ. ಪೇಚಾಟ ಶುರುವಾಗುವುದು ಕನ್ನಡಿ ಮುಂದೆ ನಿಂತಾಗ: ಇದರ ಕೆಳಗೇನು, ಒಳಗೇನು, ಕಾಲಿಗೇನು?

1. ಹೆಗಲು ಕೂತರೆ ಕೋಟು ಕೂತಂತೆ

ಸೊಂಟ ಸಡಿಲವಿದ್ದರೆ ದರ್ಜಿ ಹಿಡಿಯುತ್ತಾನೆ, ತೋಳು ಉದ್ದವಾದರೆ ಮಡಿಚಿ ಹೊಲಿಯುತ್ತಾನೆ. ಹೆಗಲು ಸರಿಮಾಡಬೇಕೆಂದರೆ ಕೋಟನ್ನು ಅರ್ಧ ಬಿಚ್ಚಿದ ಹಾಗೆಯೇ; ಆ ಖರ್ಚಿಗೆ ಇನ್ನೊಂದು ಕೋಟು ಬರುತ್ತದೆ. ಒಳಗೆ ಸ್ವೆಟರ್ ಹಾಕಿಕೊಂಡೇ ತೊಟ್ಟು ನೋಡಿ. ಚೀಟಿಯ ಮೇಲಿನ ಅಳತೆಯನ್ನು ನಂಬಬೇಡಿ, ಹಿಂದಿನ ಮಾಲೀಕ ಎಲ್ಲೆಲ್ಲಿ ಹಿಡಿಸಿದ್ದನೋ ಯಾರಿಗೆ ಗೊತ್ತು.

2. ಕಿಟಕಿಯ ಬೆಳಕಿಗೆ ಹಿಡಿಯಿರಿ

ದೂರಕ್ಕೆ ಬರೀ ಕಂದು ಎನಿಸುವ ಹ್ಯಾರಿಸ್ ಟ್ವೀಡನ್ನು ಕಣ್ಣಿನ ಹತ್ತಿರ ತಂದರೆ ಕಿತ್ತಳೆ, ಪಾಚಿ ಹಸಿರು, ನೀಲಿ, ಸಾಸಿವೆ ಹಳದಿಯ ಎಳೆಗಳು ಒಂದೊಂದಾಗಿ ಎದ್ದು ಬರುತ್ತವೆ. ಈ ಬಟ್ಟೆಯ ಉಣ್ಣೆಗೆ ನೂಲುವ ಮೊದಲೇ ಬಣ್ಣ ಕಟ್ಟುತ್ತಾರೆ. ಬಣ್ಣಬಣ್ಣದ ಉಣ್ಣೆ ಬೆರೆಸಿ ಆಮೇಲೆ ನೂಲುತ್ತಾರೆ. ಹಾಗಾಗಿ ಒಂದೇ ನೂಲಿನಲ್ಲಿ ಹಲವು ಬಣ್ಣ ಅಡಗಿರುತ್ತವೆ. ಟೈ, ಸ್ವೆಟರ್, ಸಾಕ್ಸ್ ಯಾವ ಬಣ್ಣದ್ದಿರಬೇಕೆಂದು ಆ ನೂಲೇ ಹೇಳುತ್ತದೆ. ಕೋಟಿನ ಮುಖ್ಯ ಬಣ್ಣವನ್ನು ಬಿಟ್ಟುಬಿಡಿ. ಅಡಗಿದ ಬಣ್ಣಗಳಲ್ಲಿ ಒಂದನ್ನು ಹೆಕ್ಕಿ, ಅದೇ ಛಾಯೆಯ ಸ್ವೆಟರ್ ಹಾಕಿ. ನೋಡಿದವರಿಗೆ ಚೆನ್ನಾಗಿ ಹೊಂದಿದೆ ಅನ್ನಿಸುತ್ತದೆ, ಯಾಕೆಂದು ಹೊಳೆಯುವುದಿಲ್ಲ.

ಹಾಗೆಯೇ ಒಳಜೇಬಿನ ಬಳಿ ಗೋಳ ಮತ್ತು ಶಿಲುಬೆಯ ಮುದ್ರೆ ಇದೆಯೇ ನೋಡಿ. ಅದು ಹ್ಯಾರಿಸ್ ಟ್ವೀಡಿನ ಗುರುತು, 1911ರಿಂದ ಬಟ್ಟೆಯ ಮೇಲೆ ಬೀಳುತ್ತಿದೆ. ಸ್ಕಾಟ್ಲೆಂಡಿನ ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲೇ ಬಣ್ಣ ಕಟ್ಟಿ, ನೂತ ಹೊಸ ಉಣ್ಣೆಯನ್ನು ಅಲ್ಲಿನವರು ತಮ್ಮ ಮನೆಯಲ್ಲೇ ಕೈಮಗ್ಗದಲ್ಲಿ ನೇಯಬೇಕು ಎಂದು 1993ರ ಕಾಯ್ದೆ ಹೇಳುತ್ತದೆ. ಮುದ್ರೆ ಇಲ್ಲದ ಒಳ್ಳೆಯ ಟ್ವೀಡ್ ಕೂಡ ಬೇಕಾದಷ್ಟಿದೆ. ಐರ್ಲೆಂಡಿನ ಡೊನೆಗಾಲ್ ಟ್ವೀಡನ್ನು ಅದರ ಮೇಲಿನ ಬಣ್ಣದ ಚುಕ್ಕೆಗಳಿಂದಲೇ ಗುರುತಿಸಬಹುದು.

3. ಹತ್ತಿರದ ಬಣ್ಣವೇ ಹೆಚ್ಚು ಕೆಡಿಸುವುದು

ಕಂದು ಕೋಟಿಗೆ ಇನ್ನೊಂದು ಕಂದು ಟ್ವೀಡಿನ ಪ್ಯಾಂಟು ಹುಡುಕಿಕೊಂಡು ಬರುವವರೇ ಜಾಸ್ತಿ. ಸಿಕ್ಕರೆ ಸೂಟಿನ ಒಂದು ಭಾಗ ಕಳೆದುಹೋಗಿ ಪಕ್ಕದ ಮನೆಯಿಂದ ತಂದಂತೆ ಕಾಣುತ್ತದೆ. ಕೋಟಿನ ಜೊತೆಗೇ ಹೊಲಿಸಿದ ಪ್ಯಾಂಟಿದ್ದರೆ ಸರಿ, ಇಲ್ಲವಾದರೆ ಬೇರೆ ಎಂದು ಎದ್ದು ಕಾಣುವಷ್ಟು ಬೇರೆ ಇರಲಿ. ನಡುವಿನ ದಾರಿ ಬೇಡ.

ಯಾವ ಕೋಟಿಗೂ ಕೈಕೊಡದಿರುವುದು ನಡುಬೂದು ಬಣ್ಣದ ಉಣ್ಣೆಯ ಫ್ಲಾನೆಲ್. ಹಸಿರು, ಕಂದು ಕೋಟುಗಳಿಗೆ ಕಾರ್ಡುರಾಯ್ ಇನ್ನೂ ಸೊಗಸು. ಓರೆಗೆರೆಯ ನೇಯ್ಗೆಯ ಕ್ಯಾವಲ್ರಿ ಟ್ವಿಲ್ ಸಿಕ್ಕರೆ ಬಿಡಬೇಡಿ. ಆಫೀಸ್ ಸೂಟಿನ ನುಣುಪು ಪ್ಯಾಂಟನ್ನು ಮಾತ್ರ ತರಬೇಡಿ: ಕುರುಬರ ಕಂಬಳಿ ಹೊದ್ದು ಕೆಳಗೆ ಜರಿಪಂಚೆ ಉಟ್ಟ ಹಾಗಾಗುತ್ತದೆ. ಟ್ವೀಡಿನಲ್ಲಿ ಬಣ್ಣಕ್ಕಿಂತ ಮೊದಲು ಒರಟುತನ ಹೊಂದಬೇಕು. ತೂಕಕ್ಕೂ ಇದೇ ಮಾತು. ದಪ್ಪ ಕೋಟಿನ ಕೆಳಗೆ ತೆಳು ಹತ್ತಿಯ ಪ್ಯಾಂಟು ಹಾಕಿದರೆ ಮೇಲಿನರ್ಧ ಚಳಿಗಾಲ, ಕೆಳಗಿನರ್ಧ ಬೇಸಿಗೆ. ಜೀನ್ಸ್? ಕಡುನೀಲಿಯದಾದರೆ, ಕೋಟು ಮೀನಿನ ಮುಳ್ಳಿನಂಥ ನೇಯ್ಗೆಯ ಬೂದು ಹೆರಿಂಗ್‌ಬೋನ್ ಆದರೆ, ನನ್ನ ತಕರಾರಿಲ್ಲ.

4. ಪ್ಯಾಂಟು ಎಲ್ಲಿ ನಿಲ್ಲುತ್ತದೆ ಎಂಬುದು ಮುಖ್ಯ

ಇದನ್ನು ಗಮನಿಸುವವರು ಕಡಿಮೆ. ಹಳೆಯ ಕೋಟುಗಳನ್ನು ಹೊಕ್ಕುಳ ಮಟ್ಟದಲ್ಲಿ ನಿಲ್ಲುವ ಪ್ಯಾಂಟಿಗಾಗಿ ಕತ್ತರಿಸಿದ್ದಾರೆ. ಈಗಿನ ಪ್ಯಾಂಟು ಸೊಂಟದಿಂದ ಕೆಳಗೆ ಜಾರಿ ಕೂರುತ್ತದೆ. ಹಾಗಾಗಿ ಗುಂಡಿ ಹಾಕಿದಾಗ ಅದರ ಕೆಳಗೆ ಅಂಗಿಯ ತ್ರಿಕೋನವೊಂದು ಇಣುಕುತ್ತದೆ, ಟೈ ತುದಿಯೂ ಅಲ್ಲೇ ನೇತಾಡುತ್ತದೆ. ಬೆಲೆಬಾಳುವ ಕೋಟು ತೊಟ್ಟರೂ ಏನೋ ಸರಿಯಿಲ್ಲ ಅನ್ನಿಸಿದರೆ ಹತ್ತರಲ್ಲಿ ಎಂಟು ಸಲ ಕಾರಣ ಇದೇ. ಎತ್ತರದ ಸೊಂಟದ ಪ್ಯಾಂಟು ಹೊಲಿಸಿ, ಬೆಲ್ಟಿನ ಬದಲು ಹೆಗಲ ಮೇಲಿಂದ ಪ್ಯಾಂಟು ಹಿಡಿಯುವ ಪಟ್ಟಿ, ಅಂದರೆ ಬ್ರೇಸಸ್ ಹಾಕಿ. ಎರಡು ಗುಂಡಿಯ ಕೋಟಿನಲ್ಲಿ ಮೇಲಿನದು, ಮೂರರಲ್ಲಿ ನಡುವಿನದು ಹಾಕಬೇಕು. ತಳದ ಗುಂಡಿ ಬಿಚ್ಚಿಯೇ ಇರಲಿ.

ಪ್ಯಾಂಟಿನ ಕಾಲಿಗೆ ಹೊರಮಡಿಕೆ ಇಟ್ಟರೆ ದಪ್ಪ ಬಟ್ಟೆ ನೆಟ್ಟಗೆ ಇಳಿಯುತ್ತದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಬಟ್ಟೆ ಉಳಿಸಲೆಂದು 1942ರಲ್ಲಿ ಈ ಮಡಿಕೆಯನ್ನೇ ನಿಷೇಧಿಸಿತ್ತು, 1944ರಲ್ಲಿ ನಿಷೇಧ ತೆಗೆಯಿತು. ‘ಸಿಸಿ41’ ಮುದ್ರೆಯ ಉಡುಪು ಕೈಗೆ ಬಂದರೆ ಅದು ಆ ಕಾಲದ ಸರ್ಕಾರಿ ಯೋಜನೆಯದು. ಯೋಜನೆ 1952ರವರೆಗೂ ನಡೆಯಿತು.

5. ಹಳೆಯದು ಒಂದು ಸಾಕು

ಪೀಕಿ ಬ್ಲೈಂಡರ್ಸ್ ಧಾರಾವಾಹಿ ಬಂದ ಮೇಲೆ ಚಪ್ಪಟೆ ಟೋಪಿ, ವೇಸ್ಟ್‌ಕೋಟು, ಗಡಿಯಾರದ ಸರಪಳಿ ಮೂರನ್ನೂ ಒಟ್ಟಿಗೆ ಕೇಳುವವರು ಬಂದರು. ಮಾರುತ್ತೇನೆ, ಹೊಟ್ಟೆಪಾಡು. ಕೇಳಿದರೆ ಮಾತ್ರ, ಮೂರರಲ್ಲಿ ಒಂದನ್ನು ಆರಿಸಿ ಎನ್ನುತ್ತೇನೆ. ಕೋಟು ಹಳೆಯದಾದರೆ ಅಂಗಿ, ಬೂಟು, ಕನ್ನಡಕ ಈ ಕಾಲದವೇ ಇರಲಿ. ಇಲ್ಲದಿದ್ದರೆ ನಾಟಕದ ಮಧ್ಯೆ ಎದ್ದು ಬಂದವರಂತೆ ಕಾಣುತ್ತೀರಿ.

6. ಹೊಳೆಯುವುದನ್ನು ದೂರ ಇಡಿ

ಸ್ಯಾಟಿನ್ ಟೈ ಬೇಡ. ಉಣ್ಣೆಯದು ಅಥವಾ ಹೆಣೆದದ್ದು ಇರಲಿ. ಟೈ ಅಗಲ ಕೋಟಿನ ಎದೆಯ ಮೇಲಿನ ಮಡಿಕೆಯ, ಅಂದರೆ ಲ್ಯಾಪೆಲ್ಲಿನ ಅಗಲವನ್ನು ಅನುಸರಿಸಲಿ: 1960ರ ದಶಕದ ಸಣ್ಣ ಲ್ಯಾಪೆಲ್ಲಿಗೆ ಸಣ್ಣ ಟೈ, 1970ರ ಅಗಲಕ್ಕೆ ಅಗಲ. ಕೋಟಿನಲ್ಲಿ ದೊಡ್ಡ ಚೌಕಳಿ ಇದ್ದರೆ ಅಂಗಿಯಲ್ಲಿ ಸಣ್ಣದಿರಲಿ, ಇಲ್ಲವೇ ಚೌಕಳಿಯೇ ಬೇಡ. ಜೇಬಿನ ಕರವಸ್ತ್ರ ಟೈ ಬಟ್ಟೆಯದೇ ಆಗಿದ್ದರೆ ಎರಡೂ ಒಂದೇ ಡಬ್ಬಿಯಲ್ಲಿ ಬಂದವೆಂದು ಗೊತ್ತಾಗುತ್ತದೆ. ಕಾಲಿಗೆ ದಪ್ಪ ಅಟ್ಟೆಯ ಕಂದು ಬ್ರೋಗ್ ಅಥವಾ ಸ್ವೇಡ್ ಬೂಟು.

7. ಮೊಣಕೈ ತೇಪೆ

ಅದು ಹರಿದಲ್ಲಿ ಹಾಕುವುದು. ಗಟ್ಟಿಮುಟ್ಟಾದ ತೋಳಿಗೆ ಚಂದಕ್ಕೆಂದು ಚರ್ಮ ಹೊಲಿಸಬೇಡಿ.

8. ಬೆಂಗಳೂರಿಗೆ ಒಯ್ಯುವವರಿಗೆ

ಊರಿಂದ ಬಂದವರು ಅಂಗಡಿಗೆ ಬಂದರೆ ಮೊದಲು ಕೋಟನ್ನು ಕೈಯಲ್ಲಿ ತೂಗಿ ನೋಡಿ ಎನ್ನುತ್ತೇನೆ. ಹಳೆಯ ಹ್ಯಾರಿಸ್ ಟ್ವೀಡ್ ಮೀಟರಿಗೆ ಅರ್ಧ ಕಿಲೋ ಆಸುಪಾಸು ತೂಗುತ್ತದೆ. ಬೆಂಗಳೂರಿನ ಡಿಸೆಂಬರ್ ಸಂಜೆಗೂ ಅದು ಹೆಚ್ಚೇ. ಬೆನ್ನಿಗೆ ಅಸ್ತರು ಇಲ್ಲದ, ತೆಳುವಾದ ಕೋಟು ನೋಡಿ. ನುಸಿ ತಿಂದ ತೂತುಗಳಿಗಾಗಿ ಕಾಲರಿನ ಅಡಿ, ಜೇಬಿನ ಮುಚ್ಚಳದ ಕೆಳಗೆ ಹುಡುಕಿ. ಉಣ್ಣೆ ತಿನ್ನುವುದು ನುಸಿಯ ಹುಳು, ಕತ್ತಲಿದ್ದಲ್ಲಿ ಸೇರುತ್ತದೆ. ಅನುಮಾನ ಬಂದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಬಿಸಿನೀರಲ್ಲಿ ಒಗೆಯಬೇಡಿ, ಉಣ್ಣೆ ಗಟ್ಟಿಯಾಗಿ ಕೋಟು ಮಗುವಿನ ಅಳತೆಗೆ ಬರುತ್ತದೆ. ತೊಟ್ಟು ಬಂದ ರಾತ್ರಿ ಬ್ರಷ್ ಹೊಡೆದು, ಅಗಲ ಹೆಗಲಿನ ಮರದ ಹ್ಯಾಂಗರಿಗೆ ಹಾಕಿ. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಬೀರುವಿನ ಬಾಗಿಲನ್ನು ಆಗಾಗ ತೆರೆದಿಡಿ.