ಹೊರಗಿನ ತಜ್ಞರು ಶಾಲೆಗೆ ಬರುವ ಮುನ್ನ: ಮುಖ್ಯ ಶಿಕ್ಷಕರಿಗೆ ಏಳು ಅನುಭವದ ಪಾಠಗಳು

ಉಡುಪಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಮುಖ್ಯ ಶಿಕ್ಷಕನಾಗಿದ್ದಾಗ ಹೊರಗಿನ ತಜ್ಞರನ್ನು ಕರೆಸುತ್ತಿದ್ದೆ. ನಿವೃತ್ತಿಯಾದ ಮೇಲೆ ಮಣಿಪಾಲ, ಕಾಪು, ಕಾರ್ಕಳದ ಶಾಲೆಗಳಿಗೆ ನಾನೇ ಹೊರಗಿನವನಾಗಿ ಹೋಗುತ್ತಿದ್ದೇನೆ. ಕರೆಸುವವರ ಕಷ್ಟವೂ ಹೋಗುವವರ ಕಷ್ಟವೂ ಗೊತ್ತಿರುವುದರಿಂದ ಈ ಮಾತುಗಳು.

1. ಶೇಕಡಾ ಲೆಕ್ಕ ಬದಿಗಿಟ್ಟು ಪ್ರಶ್ನೆ ಹುಡುಕಿ

2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇ. 94ರಷ್ಟು ಫಲಿತಾಂಶದೊಂದಿಗೆ ರಾಜ್ಯಕ್ಕೇ ಮೊದಲು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ನಾವು ಎರಡನೆಯವರು. ಇಂಥ ಜಿಲ್ಲೆಯಲ್ಲಿ ‘ಫಲಿತಾಂಶ ಹೆಚ್ಚಿಸಿಕೊಡಿ’ ಎಂದು ಯಾರನ್ನಾದರೂ ಕರೆದರೆ ಅವರು ತರುವುದು ‘ಪಾಸಿಂಗ್ ಪ್ಯಾಕೇಜ್’ ಮಾತ್ರ. ಅದನ್ನು ನಮ್ಮ ಶಿಕ್ಷಕರೇ ಚೆನ್ನಾಗಿ ಮಾಡುತ್ತಾರೆ. ಕೇಳಬೇಕಾದ್ದು ಬೇರೆ. ಎಂಟನೇ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿಗೆ ಭಾಗಾಕಾರ ಬರುತ್ತದೆ? ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಮಾತಾಡುವ ಮಗು ಮೂರನೇ ತರಗತಿಯಲ್ಲಿ ಕನ್ನಡದ ಒಂದು ಪುಟ ಓದಿ, ಓದಿದ್ದೇನೆಂದು ಹೇಳಬಲ್ಲದೇ? ಜೂನ್ ತಿಂಗಳಲ್ಲಿ ಮುಖ್ಯ ಶಿಕ್ಷಕರೇ ಒಂದೊಂದು ಮಗುವನ್ನು ಕೂರಿಸಿಕೊಂಡು ಓದಿಸಿ ಪಟ್ಟಿ ಮಾಡಿಟ್ಟರೆ, ಬರುವ ತಜ್ಞರಿಗೆ ಮೊದಲ ದಿನವೇ ಕೆಲಸ ಸಿಗುತ್ತದೆ.

2. ಎರಡು ದಿನದ ಕಾರ್ಯಾಗಾರಕ್ಕೆ ಹೆಚ್ಚು ಆಸೆಪಡಬೇಡಿ

ಅಮೆರಿಕದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಲ್ಲೇ ಇದನ್ನು ಬರೆದರು: ಉಪನ್ಯಾಸ ಕೇಳಿ, ಪ್ರಾತ್ಯಕ್ಷಿಕೆ ನೋಡಿ ಬಂದ ಶಿಕ್ಷಕರಲ್ಲಿ ಅದನ್ನು ತರಗತಿಯಲ್ಲಿ ಬಳಸುವವರು ತೀರಾ ಕಡಿಮೆ; ಪಕ್ಕದಲ್ಲಿ ನಿಂತು ಮತ್ತೆ ಮತ್ತೆ ತಿದ್ದುವವರಿದ್ದಾಗ ಮಾತ್ರ ಕಲಿತದ್ದು ಕೈಗೆ ಹತ್ತುತ್ತದೆ.

ಇದಕ್ಕೆ ನಮ್ಮಲ್ಲೇ ಒಳ್ಳೆಯ ಮಾದರಿಯಿದೆ. ಯಕ್ಷಶಿಕ್ಷಣ ಟ್ರಸ್ಟ್ ಮೂಲಕ ಉಡುಪಿಯ ಪ್ರೌಢಶಾಲೆಗಳಿಗೆ ಬರುವ ಯಕ್ಷಗಾನ ಗುರುಗಳೂ ಹೊರಗಿನವರೇ. ಅವರು ಭಾಷಣ ಮಾಡಿ ಹೋಗುವುದಿಲ್ಲ. ತಿಂಗಳುಗಟ್ಟಲೆ ಬರುತ್ತಾರೆ, ಹೆಜ್ಜೆ ತಪ್ಪಿದ ಮಗುವನ್ನು ಅಲ್ಲೇ ತಿದ್ದುತ್ತಾರೆ. ಕೊನೆಗೆ ಮಕ್ಕಳು ಗೆಜ್ಜೆ ಕಟ್ಟಿ ಊರವರ ಮುಂದೆ ಕುಣಿಯಲೇಬೇಕು. ಗಣಿತಕ್ಕೋ ನಾಯಕತ್ವಕ್ಕೋ ತಜ್ಞರನ್ನು ಗೊತ್ತುಮಾಡುವಾಗಲೂ ನಾನು ಕೇಳುವುದು ಇಷ್ಟೇ: ಎಷ್ಟು ಸಲ ಬರುತ್ತೀರಿ, ಯಾರ ತರಗತಿಯಲ್ಲಿ ಕೂರುತ್ತೀರಿ, ವರ್ಷದ ಕೊನೆಗೆ ಎಲ್ಲರೂ ನೋಡುವಂಥದ್ದು ಏನಿರುತ್ತದೆ?

3. ಮೊದಲು ಮುಖ್ಯ ಶಿಕ್ಷಕರ ದಿನ ಬಿಡಿಸಿ

ಶಾಲೆಗೆ ಸಂಬಂಧಿಸಿದ ಸಂಗತಿಗಳಲ್ಲಿ, ತರಗತಿಯ ಬೋಧನೆಯನ್ನು ಬಿಟ್ಟರೆ ಮಕ್ಕಳ ಕಲಿಕೆಯ ಮೇಲೆ ಅತಿ ಹೆಚ್ಚು ಪ್ರಭಾವ ಬೀರುವುದು ಶಾಲೆಯ ನಾಯಕತ್ವ ಎಂದು ಕೆನಡಾದ ಕೆನೆತ್ ಲೀಥ್‌ವುಡ್ ಮತ್ತು ಸಂಗಡಿಗರು 2004ರಲ್ಲಿ ಹೇಳಿದರು. ಮಾತು ಸರಿ, ಆದರೆ ನಮ್ಮ ಹೆಡ್‌ಮಾಸ್ಟರಿಗೆ ನಾಯಕತ್ವಕ್ಕೆ ಪುರುಸೊತ್ತೆಲ್ಲಿ? ಎಸ್‌ಎಟಿಎಸ್‌ಗೆ ಮಾಹಿತಿ ತುಂಬಬೇಕು, ಬಿಸಿಯೂಟದ ಅಕ್ಕಿ ಲೆಕ್ಕ, ಹಾಲು-ಮೊಟ್ಟೆಯ ಲೆಕ್ಕ ಇಡಬೇಕು, ವಾಟ್ಸಾಪಿನಲ್ಲಿ ‘ತುರ್ತು’ ಎಂದು ಬಂದ ನಮೂನೆ ಕಳಿಸಬೇಕು. ಕಿರಿಯ ಪ್ರಾಥಮಿಕ ಶಾಲೆಯಾದರೆ ನಲಿ-ಕಲಿ ತರಗತಿಯೂ ಅವರ ಪಾಲಿಗೇ. ಅವರ ಮುಂದೆ ‘ದೂರದೃಷ್ಟಿ’ಯ ಸ್ಲೈಡು ತೋರಿಸಿದರೆ ಆಕಳಿಕೆ ಬರುವುದು ಸಹಜ.

ಆದ್ದರಿಂದ ನಾನು ಮೊದಲ ಭೇಟಿಯಲ್ಲಿ ಅವರ ಕೋಣೆಯಲ್ಲಿ ಕೂತು ದಿನ ಹೇಗೆ ಹೋಗುತ್ತದೆಂದು ನೋಡುತ್ತೇನೆ. ಆಮೇಲೆ ವಾರಕ್ಕೆ ಎರಡು ಪಿರಿಯಡ್ ಬಿಡಿಸಿಕೊಳ್ಳುವ ಪ್ರಯತ್ನ. ಆ ಹೊತ್ತಿಗೆ ಕಚೇರಿ ಯಾರು ನೋಡುತ್ತಾರೆ ಎಂದು ಬರೆದಿಟ್ಟು, ಮುಖ್ಯ ಶಿಕ್ಷಕರು ಸಹೋದ್ಯೋಗಿಯೊಬ್ಬರ ತರಗತಿಯಲ್ಲಿ ಹಿಂದಿನ ಬೆಂಚಿಗೆ ಹೋಗಿ ಕೂರುತ್ತಾರೆ. ನಾಯಕತ್ವದ ತರಬೇತಿ ಶುರುವಾಗುವುದು ಅಲ್ಲಿ.

4. ದಪ್ಪ ವರದಿ ಬೇಡ

ಮಧ್ಯಪ್ರದೇಶದಲ್ಲಿ ಸಾವಿರಾರು ಶಾಲೆಗಳ ಮೌಲ್ಯಮಾಪನ ಮಾಡಿ, ಪ್ರತಿ ಶಾಲೆಗೂ ಸುಧಾರಣಾ ಯೋಜನೆ ಬರೆಸಿದ್ದರು. ಕಾರ್ತಿಕ್ ಮುರಳೀಧರನ್ ಮತ್ತು ಅಭಿಜಿತ್ ಸಿಂಗ್ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಯೋಜನೆಗಳು ಅಚ್ಚುಕಟ್ಟಾಗಿ ತಯಾರಾದವು. ಪಾಠ ಮಾಡುವ ರೀತಿಯೂ ಮಕ್ಕಳ ಕಲಿಕೆಯೂ ಇದ್ದ ಹಾಗೇ ಇದ್ದವು. ಆದರೂ ಕಾರ್ಯಕ್ರಮ ಯಶಸ್ವಿ ಎನಿಸಿಕೊಂಡು ದೇಶದ ಉದ್ದಗಲಕ್ಕೆ ಹರಡಿತು.

ನಾನು ಬರೆದುಕೊಡುವುದು ಒಂದೇ ಹಾಳೆ. ಮೂರು ಕೆಲಸ, ಯಾರು ಮಾಡುತ್ತಾರೆ, ಯಾವ ತಾರೀಕಿನೊಳಗೆ. ಅದು ಕಪಾಟಿಗೆ ಹೋಗದೆ ಸ್ಟಾಫ್ ರೂಮಿನ ಗೋಡೆಗೆ ಹೋಗಬೇಕು.

5. ಊರಿನ ಪಂಚಾಂಗ ನೋಡಿ ದಿನ ಗೊತ್ತುಮಾಡಿ

ಜುಲೈಯಲ್ಲಿ ಮಳೆ ರಜೆ ಎಂದು ಬೀಳುವುದೋ ಹೇಳಲಾಗದು. ನವೆಂಬರಿನಿಂದ ಪ್ರತಿಭಾ ಕಾರಂಜಿ, ಕ್ರೀಡಾಕೂಟ, ವಾರ್ಷಿಕೋತ್ಸವದ ನಾಟಕ; ಆಗ ಯಾವ ತಜ್ಞರ ಮಾತೂ ಯಾರ ಕಿವಿಗೂ ಬೀಳದು. ಗಟ್ಟಿ ಕೆಲಸಕ್ಕೆ ಸಿಗುವುದು ಆಗಸ್ಟ್, ಸೆಪ್ಟೆಂಬರ್.

ಪೋಷಕರ ಸಭೆಗೂ ಒಂದೇ ಸೂತ್ರ ನಡೆಯದು. ಕಾಪುವಿನ ಕಡಲ ಬದಿಯ ಶಾಲೆಗಳಲ್ಲಿ ಜೂನ್-ಜುಲೈ ಒಳ್ಳೆಯದು. ಆಗ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟಿಗೆ ಹೋಗುವ ತಂದೆಯರು ಮನೆಯಲ್ಲಿರುತ್ತಾರೆ. ಕಾರ್ಕಳದ ಕಡೆ ಗೇರುಬೀಜ ಕಾರ್ಖಾನೆಗೆ ಹೋಗುವ ತಾಯಂದಿರಿಗೆ ಭಾನುವಾರವೇ ಆಗಬೇಕು. ಮಣಿಪಾಲದ ಸುತ್ತಮುತ್ತ ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು ನಡುವರ್ಷದಲ್ಲಿ ಸೇರಿ ನಡುವರ್ಷದಲ್ಲೇ ಹೋಗುವುದುಂಟು. ಅಲ್ಲಿ ಸಭೆಗಿಂತ ಮುಖ್ಯವಾದದ್ದು ಮಗು ಸೇರಿದ ವಾರವೇ ಅದಕ್ಕೆ ಏನು ಬರುತ್ತದೆಂದು ನೋಡುವ ಪದ್ಧತಿ. ಮೂರೂ ಕಡೆ ಒಂದೇ ಮಾಡ್ಯೂಲ್ ಹಿಡಿದು ಹೋಗುವ ಸಲಹೆಗಾರರಿಗೆ ದಾರಿಖರ್ಚು ಕೊಡುವುದೂ ದಂಡ.

6. ಹತ್ತಿರದ ಹೊರಗಿನವರನ್ನು ಮರೆಯಬೇಡಿ

ಇಂಗ್ಲೆಂಡಿನಲ್ಲಿ 2006ರಿಂದ ಉತ್ತಮ ಶಾಲೆಗಳ ಮುಖ್ಯಸ್ಥರನ್ನೇ ಹಿಂದುಳಿದ ಶಾಲೆಗಳ ನೆರವಿಗೆ ಕಳುಹಿಸುವ ವ್ಯವಸ್ಥೆ ಮಾಡಿದರು. ನಮ್ಮಲ್ಲಿಯೂ ಡಯಟ್ ಇದೆ, ಬಿಆರ್‌ಸಿ ಇದೆ, ಪಕ್ಕದ ಊರಿನಲ್ಲಿ ಚೆನ್ನಾಗಿ ಶಾಲೆ ನಡೆಸುವ ಟೀಚರ್ ಇದ್ದಾರೆ. ಅವರಿಗೆ ನಮ್ಮ ಮಕ್ಕಳ ಭಾಷೆ ಗೊತ್ತು, ಇಲಾಖೆಯ ಸುತ್ತೋಲೆಯೂ ಗೊತ್ತು. ಬೆಂಗಳೂರಿನಿಂದ ಬರುವವರಿಗೆ ಇವೆರಡನ್ನೂ ನಾವೇ ಕಲಿಸಬೇಕಾಗುತ್ತದೆ. ದೂರದ ತಜ್ಞರು ಬೇಕಾಗುವುದು ಊರಿನಲ್ಲಿ ಯಾರಿಗೂ ಗೊತ್ತಿಲ್ಲದ ವಿಷಯಕ್ಕೆ ಮಾತ್ರ.

7. ದುಡ್ಡು ಕೊಡುವವರ ಜೊತೆ ಮೊದಲೇ ಮಾತಾಡಿ

ಇಲ್ಲಿ ಇಂಥ ಕೆಲಸಕ್ಕೆ ಹಣ ಬರುವುದು ಹೆಚ್ಚಾಗಿ ಹಳೆ ವಿದ್ಯಾರ್ಥಿ ಸಂಘದಿಂದ, ಅದರಲ್ಲೂ ಮುಂಬಯಿಯಲ್ಲಿ ಹೋಟೆಲು, ಉದ್ಯೋಗ ಮಾಡಿಕೊಂಡಿರುವ ಊರವರಿಂದ. ಶಾಲೆಯ ವ್ಯಾನು, ಗೌರವ ಶಿಕ್ಷಕರ ಸಂಬಳ ಎಷ್ಟೋ ಕಡೆ ಅವರದ್ದೇ. ವ್ಯಾನು ಕಣ್ಣಿಗೆ ಕಾಣುತ್ತದೆ, ತರಬೇತಿ ಕಾಣುವುದಿಲ್ಲ. ಹಾಗಾಗಿ ಬರುವ ವರ್ಷವೇ ಶೇಕಡಾ ನೂರು ಬರಬೇಕೆಂಬ ಒತ್ತಾಯ ಶುರುವಾಗುತ್ತದೆ. ಇದು ಮೂರು ವರ್ಷದ ಕೆಲಸ, ಪ್ರಗತಿಗೆ ನೋಡುವುದು ಜೂನ್‌ನಲ್ಲಿ ಮಕ್ಕಳನ್ನು ಓದಿಸಿ ಮಾಡಿದ ಪಟ್ಟಿಯನ್ನು ಎಂದು ಎಸ್‌ಡಿಎಂಸಿ ಸಭೆಯಲ್ಲಿ ದಾನಿಗಳ ಎದುರೇ ಒಪ್ಪಿಸಿಕೊಳ್ಳಿ.

ತಜ್ಞರ ಜೊತೆಗಿನ ಒಪ್ಪಂದದಲ್ಲಿ ಅವರು ನಿಲ್ಲಿಸುವ ತಾರೀಕೂ ಇರಲಿ. ಮೊದಲ ವರ್ಷ ಅವರು ತರಗತಿ ನೋಡಿ ಮುಖ್ಯ ಶಿಕ್ಷಕರಿಗೆ ತೋರಿಸುವುದು, ಎರಡನೇ ವರ್ಷ ಇಬ್ಬರೂ ಸೇರಿ ನೋಡುವುದು, ಮೂರನೇ ವರ್ಷ ಮುಖ್ಯ ಶಿಕ್ಷಕರೇ ನೋಡಿ, ತಜ್ಞರು ಸುಮ್ಮನೆ ಕೇಳುವುದು. ಮುಖ್ಯ ಶಿಕ್ಷಕರಿಗೆ ವರ್ಗವಾದರೂ ಕೆಲಸ ನಿಲ್ಲದಂತೆ ಹಿರಿಯ ಸಹ ಶಿಕ್ಷಕರೊಬ್ಬರನ್ನು ಮೊದಲ ದಿನದಿಂದಲೇ ಜೊತೆಗಿಟ್ಟುಕೊಳ್ಳಿ. ನಾಲ್ಕನೇ ವರ್ಷವೂ ಅದೇ ಕೆಲಸಕ್ಕೆ ಅದೇ ತಜ್ಞರು ಬೇಕೆನಿಸಿದರೆ, ಮತ್ತೆ ಹಣ ಕೊಡುವ ಮೊದಲು ಇಬ್ಬರೂ ಕೂತು ಯಾರು ಏನು ಕಲಿಯಲಿಲ್ಲ ಎಂದು ಲೆಕ್ಕ ಹಾಕಬೇಕು.