‘ಇದ್ದರೆ’ ಬೇರೆ, ‘ಇದ್ದರೆ ಮಾತ್ರ’ ಬೇರೆ

ತಾರ್ಕಿಕ ಸಾಮರ್ಥ್ಯದ ಪ್ರಶ್ನೆಗಳಲ್ಲಿ ವಾಕ್ಯವನ್ನು ತಿರುಗುಮುರುಗಾಗಿ ಓದಿ ಅಂಕ ಕಳೆದುಕೊಳ್ಳುವವರು ಬಹಳ. ಯುಪಿಎಸ್‌ಸಿ ಪ್ರಿಲಿಮ್ಸ್‌ನಲ್ಲಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತವೂ ಉಂಟು. ‘ನೀವು ತ್ರ್ಯಂಬಕೇಶ್ವರದಲ್ಲಿದ್ದರೆ ನಾಸಿಕ್ ಜಿಲ್ಲೆಯಲ್ಲಿದ್ದೀರಿ’ ಎಂಬ ವಾಕ್ಯವನ್ನೇ ತೆಗೆದುಕೊಳ್ಳಿ. ಮೊದಲು ಅಂಚಿನಲ್ಲಿ ಬಾಣ ಹಾಕಿ: ತ್ರ್ಯಂಬಕ → ನಾಸಿಕ್. ‘ನಾಸಿಕ್ ಜಿಲ್ಲೆಯಲ್ಲಿದ್ದಾರೆ, ಹಾಗಾಗಿ ತ್ರ್ಯಂಬಕದಲ್ಲಿದ್ದಾರೆ’ ಎಂದರೆ ತಪ್ಪು. ಅವರು ಅದೇ ಜಿಲ್ಲೆಯ ಮನಮಾಡ್ ಜಂಕ್ಷನ್‌ನಲ್ಲಿ ರೈಲಿಗೆ ಕಾಯುತ್ತಿರಬಹುದು. ‘ತ್ರ್ಯಂಬಕದಲ್ಲಿಲ್ಲ, ಹಾಗಾಗಿ ನಾಸಿಕ್ ಜಿಲ್ಲೆಯಲ್ಲಿಲ್ಲ’ ಎಂಬುದನ್ನೂ ಅದೇ ಮನಮಾಡ್ ಪ್ರಯಾಣಿಕ ಸುಳ್ಳಾಗಿಸುತ್ತಾನೆ. ಬಾಣದ ಎದುರು ದಿಕ್ಕಿಗೆ ಬರಬೇಕಾದರೆ ಎರಡೂ ತುದಿಗೆ ‘ಇಲ್ಲ’ ಸೇರಿಸಿಯೇ ಬರಬೇಕು. ಘೃಷ್ಣೇಶ್ವರದ ಮುಂದೆ ನಿಂತವರು ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿದ್ದಾರೆ, ನಾಸಿಕ್‌ನಲ್ಲಿಲ್ಲ, ಆದ್ದರಿಂದ ತ್ರ್ಯಂಬಕದಲ್ಲಿಲ್ಲ. ಎರಡೂ ಜ್ಯೋತಿರ್ಲಿಂಗಗಳೆಂಬ ತಿಳಿವಳಿಕೆ ಈ ಉತ್ತರಕ್ಕೆ ಬೇಕಿಲ್ಲ.

ಇಷ್ಟು ಕಲಿತವರೂ ಎಡವುವುದು ‘ಮಾತ್ರ’ ಎಂಬ ಎರಡಕ್ಷರದಲ್ಲಿ. ಇದನ್ನು ನಿಧಾನವಾಗಿ ಓದಿ. ‘ಗುರು ಸಿಂಹರಾಶಿಯಲ್ಲಿದ್ದರೆ ಮಾತ್ರ ತ್ರ್ಯಂಬಕದ ಕುಶಾವರ್ತ ಕುಂಡದಲ್ಲಿ ಸಿಂಹಸ್ಥ ಕುಂಭಮೇಳದ ಶಾಹಿ ಸ್ನಾನ.’ ‘ಇದ್ದರೆ’ ಕಂಡೊಡನೆ ಗುರುವಿನಿಂದ ಸ್ನಾನದ ಕಡೆಗೆ ಬಾಣ ಎಳೆಯುತ್ತಾರೆ. ಆದರೆ ‘ಮಾತ್ರ’ ಬಂದಾಗ ಬಾಣ ತಿರುಗುತ್ತದೆ: ಸ್ನಾನ ನಡೆಯುತ್ತಿದೆ → ಗುರು ಸಿಂಹದಲ್ಲಿದ್ದಾನೆ. ಗುರು ಒಂದು ರಾಶಿಯಲ್ಲಿ ಸುಮಾರು ಒಂದು ವರ್ಷ ಇರುತ್ತಾನೆ. ಶಾಹಿ ಸ್ನಾನವೋ ಕೆಲವೇ ದಿನ. 2015ರ ಸಿಂಹಸ್ಥದಲ್ಲಿ ತ್ರ್ಯಂಬಕಕ್ಕೆ ಅಂಥವು ಮೂರೇ ದಿನ. ಉಳಿದ ದಿನಗಳಲ್ಲಿ ಷರತ್ತು ಇತ್ತು, ಸ್ನಾನ ಇರಲಿಲ್ಲ. ಬೇಕಾದ ಷರತ್ತು ಒದಗಿದ ಮಾತ್ರಕ್ಕೆ ಫಲ ಬಂದೇ ಬರುತ್ತದೆಂದು ವಾಕ್ಯ ಎಲ್ಲೂ ಹೇಳಿಲ್ಲ. ಆಯ್ಕೆಗಳನ್ನು ನೋಡುವ ಮೊದಲೇ ‘ಮಾತ್ರ’ದ ಕೆಳಗೆ ಗೆರೆ ಎಳೆಯಿರಿ, ಆಯ್ಕೆ ನೋಡಿದ ಮೇಲೆ ಕಣ್ಣು ಅದನ್ನು ಹಾರಿಸಿಬಿಡುತ್ತದೆ.

ಒಂದು ಆಕ್ಷೇಪವಿದೆ. ಮನೆಯಲ್ಲಿ ‘ಊಟ ಮಾಡಿದರೆ ಟಿ.ವಿ.’ ಎಂದಾಗ, ಮಾಡದಿದ್ದರೆ ಟಿ.ವಿ. ಇಲ್ಲ ಎಂದೇ ಮಗುವಿಗೂ ಅರ್ಥವಾಗುತ್ತದೆ. ಪರೀಕ್ಷೆಯವರು ಆಡುಮಾತನ್ನು ಬಲವಂತವಾಗಿ ಬಿಗಿದಿದ್ದಾರೆ ಎಂದು. ಆಡುಮಾತಿನ ಮಟ್ಟಿಗೆ ಅದು ನಿಜ. ಆದರೆ ಆ ಉಳಿದರ್ಧವನ್ನು ಕೊಡುವುದು ವಾಕ್ಯವಲ್ಲ, ಹೇಳಿದವರ ಇಂಗಿತ. ಪ್ರಶ್ನೆಪತ್ರಿಕೆಗೆ ಇಂಗಿತವಿಲ್ಲ, ಬರೆದಷ್ಟೇ ಇದೆ. ಈ ಬಿಗಿ ಹೊರಗಿನಿಂದ ತಂದದ್ದೂ ಅಲ್ಲ. ಹೊಗೆಯಿದ್ದಲ್ಲಿ ಬೆಂಕಿಯುಂಟು ಎಂದು ಒಪ್ಪಿದ ನಮ್ಮ ತರ್ಕಶಾಸ್ತ್ರಜ್ಞರಾದ ನೈಯಾಯಿಕರು, ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟು ಎಂಬುದನ್ನು ಒಪ್ಪಲಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ಎದುರಿಗಿಟ್ಟರು: ಬೆಂಕಿಯಿದೆ, ಹೊಗೆಯಿಲ್ಲ. ಹೊಗೆಗೆ ಹಸಿ ಸೌದೆ ಬೇಕು. ಆ ಹೆಚ್ಚಿನ ಷರತ್ತನ್ನು ಅವರು ‘ಉಪಾಧಿ’ ಎಂದು ಕರೆದರು. ಅನುಮಾನ ಬಂದ ಆಯ್ಕೆಗೆ ನೀವೂ ಅಂಥದೊಂದು ಕಬ್ಬಿಣದ ಗುಂಡು ಹುಡುಕಿ. ಒಂದು ಸಿಕ್ಕರೂ ಆ ಆಯ್ಕೆಯನ್ನು ಹೊಡೆದುಹಾಕಿ.

ಇನ್ನು ‘ಹೊರತು’. ‘ಪಾಸ್ ತೋರಿಸದ ಹೊರತು ಬಿಡುವುದಿಲ್ಲ’ ಎಂದರೂ ಬಾಣ ‘ಮಾತ್ರ’ದಂತೆಯೇ: ಒಳಗೆ ಬಿಟ್ಟಿದ್ದಾರೆ → ಪಾಸ್ ತೋರಿಸಿದ್ದಾರೆ. ಪಾಸ್ ತೋರಿಸಿದವರನ್ನೆಲ್ಲ ಬಿಟ್ಟರು ಎಂಬ ಆಯ್ಕೆಗೆ ಗುರುತು ಹಾಕಬೇಡಿ.